ಸ್ಪೀಕರಿಗೆ ತೊಡಿಸಿದ ಖಣ

ನಮ್ಮ ಮನೆಯಲ್ಲಿ ಹೊದಿಕೆಯಿಲ್ಲದ ಯಂತ್ರವಿಲ್ಲ. ಮಿಕ್ಸರ್, ಟಿವಿ, ಹೊಲಿಗೆ ಯಂತ್ರ, ಎಲ್ಲಕ್ಕೂ ರವಿಕೆ ಹೊಲಿಯುವ ಗುಳೇದಗುಡ್ಡದ ಖಣದಲ್ಲಿ, ಒಳಗೆ ದಪ್ಪ ಅಸ್ತರಿ ಕೊಟ್ಟು ಹೊಲಿದ ಹೊದಿಕೆ. ಬಾಗಲಕೋಟೆಯ ಧೂಳು ಕಂಡವರು ಇದಕ್ಕೆ ನಗುವುದಿಲ್ಲ. ಹಾಸ್ಟೆಲಿನ ಗಂಟೆಗೆ ಎದ್ದು ಶಿಸ್ತಿನಲ್ಲಿ ಬೆಳೆದ ನನಗೆ ವಸ್ತುಗಳನ್ನು ಮುಚ್ಚಿಡುವುದು ಹಲ್ಲುಜ್ಜಿದಷ್ಟೇ ಸಹಜ. ಹೊಸ ಸ್ಪೀಕರುಗಳು ಬಂದ ದಿನವೇ ಅವಕ್ಕೂ ಖಣ ತೊಡಿಸಿದೆವು.

ಸ್ಪೀಕರ್ ತಂದದ್ದು ಹೆಂಡತಿಗಾಗಿ. ಇಳಕಲ್ಲಿನಲ್ಲಿ ಅವಳ ತಂದೆ ಪೂಜೆ ಮುಗಿಸಿ ಪಡಸಾಲೆಯಲ್ಲಿ ಕುಳಿತು ವಚನ ಹಾಡುತ್ತಿದ್ದರು. ಅವರ ಕೊನೆಯ ವರ್ಷದಲ್ಲಿ ನನಗೆ ಬೀದರಿನ ಕಡೆ ವರ್ಗವಾಗಿತ್ತು. ಅವಳಿಗೆ ತವರಿಗೆ ಹೋಗಲಾಗಲಿಲ್ಲ. ಆ ವರ್ಷ ಅವಳ ತಮ್ಮ ಅವರ ಹಾಡನ್ನು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದ. ಈಗ ಅದನ್ನು ಪೆನ್‌ಡ್ರೈವಿಗೆ ಹಾಕಿಸಿ ಕಳಿಸಿದ್ದ. ಆಗ ಅಪ್ಪ ಹೇಗಿದ್ದನೋ ಹಾಗೆ ಕೇಳಬೇಕು ಎಂಬುದೊಂದೇ ಅವಳ ಆಸೆ.

ಕೇಳಿದಳು. ಮುಖ ಅರಳಲಿಲ್ಲ.

"ಅಪ್ಪ ಪಡಸಾಲ್ಯಾಗ ಇಲ್ರಿ. ಗ್ವಾಡಿ ಆ ಕಡೆ ಕುಂತು ಹಾಡಿದಂಗ ಐತಿ."

ಟೇಪು ಹಿಡಿದು ಅಳೆದು ಸ್ಪೀಕರುಗಳನ್ನು ಸಮ ದೂರದಲ್ಲಿಟ್ಟೆ. ವೈರು ಬಿಗಿದೆ. ಗೋಡೆ ಸರಿಯಲಿಲ್ಲ. ಬಾದಾಮಿಯ ಗೆಳೆಯನಿಗೆ ಫೋನ್ ಮಾಡಿದೆ. ಅವನಿಗೆ ಹಾಡಿಗಿಂತ ಹಾಡುವ ಪೆಟ್ಟಿಗೆಗಳ ಹುಚ್ಚು. ಒಂದರ ದನಿ ಬೆಚ್ಚಗಿದೆ, ಇನ್ನೊಂದರದು ಬೆಳ್ಳಗಿದೆ, ಮತ್ತೊಂದರ ದನಿಗೆ ಮುಸುಕು ಬಿದ್ದಿದೆ ಎನ್ನುತ್ತಿರುತ್ತಾನೆ. ದನಿಗೆಲ್ಲಿಯ ಬಿಸಿ, ಎಲ್ಲಿಯ ಬಣ್ಣ ಎಂದು ನಾನು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಮರುದಿನ ಬೆಳಗಿನ ಬಸ್ಸಿಗೆ ಬಂದವನು ಬಾಗಿಲಲ್ಲೇ ನಿಂತು ನಕ್ಕ.

"ಲೇ, ಸ್ಪೀಕರಿಗೆ ಕುಬಸ ತೊಡಿಸೀಯಲ್ಲೋ! ಉಡಿ ತುಂಬೂದೊಂದು ಬಾಕಿ ಐತಿ."

"ಧೂಳ ಕುಂಡ್ರತೈತೋ."

"ಕುಂಡ್ರಲಿ. ನಿನ್ನ ಮಾರಿಗೆ ಕಂಬಳಿ ಹೊಚ್ಚತೇನಿ, ಮಾತಾಡು ನೋಡೋಣು."

ಆಮೇಲೆ ಬಿಡಿಸಿ ಹೇಳಿದ. ದಪ್ಪ ಬಟ್ಟೆ ದನಿಯ ಕೆಳಸ್ಥಾಯಿಯ ತೂಕವನ್ನು ಹಾಯಲು ಬಿಡುತ್ತದೆ, ಮೇಲುಸ್ಥಾಯಿಯ ಚೂಪನ್ನು ನುಂಗುತ್ತದೆ. ನಾಲಗೆ ಹಲ್ಲಿಗೆ ತಾಗಿದ್ದು, ತುಟಿ ಬಿಚ್ಚಿದ್ದು ಕೇಳುವುದಿಲ್ಲ. ಅದೇ ಮುಸುಕು. ಕೆಳಗಿನದು ತುಂಬಿಕೊಂಡರೆ ಬೆಚ್ಚಗೆ, ಮೇಲಿನದು ಹೆಚ್ಚಾದರೆ ಬೆಳ್ಳಗೆ. ಕಿವಿಗೆ ತನ್ನದೇ ಮಾತು ಕಡಿಮೆ. ಅದಕ್ಕೇ ಈ ಪೆಟ್ಟಿಗೆ ಹುಚ್ಚಿನ ಜನ ಚರ್ಮದಿಂದ, ಕಣ್ಣಿನಿಂದ ಮಾತು ಎರವಲು ತರುತ್ತಾರೆ. ನನ್ನ ಹೆಂಡತಿ ಗೋಡೆ ಎಂದದ್ದೂ ಆ ಮುಸುಕನ್ನೇ.

ಖಣ ತೆಗೆದು ಹಾಡನ್ನು ಮತ್ತೆ ಹಚ್ಚಿದ. ಮಾವ ನಮ್ಮ ಎದುರಿಗೇ ಕುಳಿತು ಹಾಡಿದರು.

"ಬಂದ," ಎಂದಳು ಅವಳು.

ಎರಡು ಸಾಲು ಮುಗಿಯುವುದರೊಳಗೆ ಇನ್ನೊಂದೂ ಕೇಳಿಸಿತು. ಪ್ರತಿ ಸಾಲಿನ ಕೊನೆಗೆ ಅವರು ಉಸಿರನ್ನು ಎಳೆದೆಳೆದು ತೆಗೆದುಕೊಳ್ಳುತ್ತಿದ್ದರು. ಖಣ ಅದನ್ನು ಇಲ್ಲಿಯತನಕ ಮುಚ್ಚಿಟ್ಟಿತ್ತು. ಗೆಳೆಯ ದನಿ ತಗ್ಗಿಸಲು ಕೈ ಚಾಚಿದ.

"ಇರ್ಲಿ ಬಿಡ್ರಿ ಅಣ್ಣಾರ. ಅಪ್ಪ ನನಗ ಫೋನಿನ್ಯಾಗ, 'ನಾ ಆರಾಮ ಅದೀನವ್ವಾ, ಆರಾಮ ಅದೀನಿ' ಅಂತಿದ್ದ."

ಕೊನೆಯತನಕ ಕೇಳಿದಳು. ಗೆಳೆಯ ತಲೆ ತಗ್ಗಿಸಿ, "ತ್ರಾಸ ಆದ್ರ ಮತ್ತ ಹೊಚ್ಚರಿ ಅಕ್ಕಾರ," ಎಂದ. ಅವಳು ಎರಡೂ ಹೊದಿಕೆಗಳನ್ನು ಮಡಚಿ ಟ್ರಂಕಿನಲ್ಲಿಟ್ಟಳು.

ಈಗ ಪೂಜೆಯಾದ ಮೇಲೆ ಸ್ಪೀಕರಿನ ಧೂಳು ಒರೆಸುವುದು ನನ್ನ ಕೆಲಸ. ಆಮೇಲೆ ಹಾಡು ಹಚ್ಚುತ್ತೇನೆ. ಅವಳು ಕಾಯಿಪಲ್ಲೆ ಹೆಚ್ಚುತ್ತ ಕೇಳುತ್ತಾಳೆ. ಅಪ್ಪ ಉಸಿರು ತೆಗೆದುಕೊಳ್ಳುವಲ್ಲಿ ಕೈ ನಿಲ್ಲಿಸುತ್ತಾಳೆ. ಅವರು ಮುಂದಿನ ಸಾಲು ಹಿಡಿದ ಮೇಲೆ ಮತ್ತೆ ಹೆಚ್ಚುತ್ತಾಳೆ.