ಬಾಣಂತಿಯ ಬಚ್ಚಲಿನ ಗಾಳಿ

ಯಾರ ಮನೆಗೆ ಹೋದರೂ ನಾನು ಮೊದಲು ಬಚ್ಚಲುಮನೆ ನೋಡುತ್ತೇನೆ. ಗೋಡೆಯ ಮೇಲೆ ಗ್ಯಾಸ್ ಗೀಸರ್ ಇದೆಯೇ, ಇದ್ದರೆ ಗವಾಕ್ಷಿ ಎಲ್ಲಿದೆ, ಅದು ತೆರೆದಿದೆಯೇ, ಇಲ್ಲಾ ಹಲ್ಲಿ ಬರುತ್ತದೆಂದು ಯಾರಾದರೂ ರಟ್ಟು ಬಡಿದಿದ್ದಾರೆಯೇ ಎಂದು ನೋಡಿ, ಕೈಕಾಲು ತೊಳೆದಂತೆ ಮಾಡಿ ಹೊರಗೆ ಬರುತ್ತೇನೆ. ನೆಂಟರಲ್ಲಿ ಕೆಲವರು ನನಗೆ ಸಕ್ಕರೆ ಕಾಯಿಲೆ ಎಂದು ತೀರ್ಮಾನಿಸಿ, ಕಾಫಿಗೆ ಸಕ್ಕರೆ ಹಾಕುವುದನ್ನೇ ಬಿಟ್ಟಿದ್ದಾರೆ. ನಾನೂ ತಿದ್ದಲು ಹೋಗಿಲ್ಲ. ಕಹಿ ಕಾಫಿ ಕುಡಿಯುವುದು ಸುಲಭ. ನಿಜವಾದ ಕಾರಣ ಹೇಳಲು ನಿಧಾನ ಬೇಕು.

ಬಿಡದಿಯ ಕಡೆ ಕಾರ್ಖಾನೆಗಳು ಒಂದರ ಹಿಂದೆ ಒಂದು ಎದ್ದ ಕಾಲ ಅದು. ಚನ್ನಪಟ್ಟಣದ ನಮ್ಮ ಬೀದಿಯಲ್ಲೂ ಹೆಂಚಿನ ಮನೆಗಳು ಹೋಗಿ ತಾರಸಿ ಮನೆಗಳು ಬಂದವು. ನಮ್ಮ ಹಳೆಯ ಬಚ್ಚಲಿನಲ್ಲಿ ಹಂಡೆಯ ಒಲೆ ಇತ್ತು. ತೆಂಗಿನ ಗರಿ, ಹಿಪ್ಪುನೇರಳೆ ಕಡ್ಡಿ, ಏನು ಸಿಕ್ಕಿದರೂ ಅದರ ಬಾಯಿಗೆ. ಹೊಗೆ ಕಣ್ಣು ಮೂಗು ಎಲ್ಲವನ್ನೂ ವಿಚಾರಿಸಿಕೊಂಡು, ಹೆಂಚಿನ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಹೊಸ ಬಚ್ಚಲಿಗೆ ಬಿಳಿ ಟೈಲ್ಸ್ ಬಂತು, ಗೀಸರ್ ಬಂತು. ನಲ್ಲಿ ತಿರುಗಿಸಿದರೆ ಚಟ್ ಎಂದು ನೀಲಿ ಬೆಂಕಿ, ಮುಚ್ಚಿದರೆ ಇಲ್ಲ. ಮಸಿಯಿಲ್ಲ, ಹೊಗೆಯಿಲ್ಲ. ಅವ್ವ ಹೆದರುತ್ತಿದ್ದುದು ಗ್ಯಾಸ್ ಸೋರುವುದಕ್ಕೆ ಮಾತ್ರ. ದಿನವೂ ಸಿಲಿಂಡರಿನ ಹತ್ತಿರ ಬಗ್ಗಿ, ಹಲಸಿನ ಹಣ್ಣನ್ನು ಮೂಸುವಂತೆ ಮೂಸಿ ನೋಡುತ್ತಿದ್ದಳು. ವಾಸನೆ ಇಲ್ಲವೆಂದರೆ ಭಯವಿಲ್ಲ.

ಆ ಮನೆಗೆ ನನ್ನ ತಂಗಿ ರತ್ನ ಬಾಣಂತನಕ್ಕೆ ಬಂದಳು. ಮದುವೆಯಾಗಿ ಬಹಳ ಕಾಲ ಮಕ್ಕಳಿಲ್ಲದೆ, ದೊಡ್ಡಮಳೂರಿನ ದೇವಸ್ಥಾನದಲ್ಲಿ ತೊಟ್ಟಿಲು ಕಟ್ಟಿ, ಹರಕೆ ಹೊತ್ತ ಮೇಲೆ ಹುಟ್ಟಿದ ಮಗು. ಅವ್ವನ ಎಚ್ಚರಿಕೆಗೆ ಮಿತಿಯೇ ಇರಲಿಲ್ಲ. ಬಾಣಂತಿಗೆ ಗಾಳಿ ಸೋಕಬಾರದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಕಂಬಳಿ. ಬಚ್ಚಲಿನ ಗವಾಕ್ಷಿಗೆ ಹಳೆಯ ಸೀರೆ ತುರುಕಿದಳು. ಬಾಗಿಲ ಅಡಿಯ ಸಂದಿಗೆ ಗೋಣಿಚೀಲ ಒತ್ತಿದಳು. ಒಬ್ಬ ತಾಯಿ ಮಗಳಿಗೆ ಎಷ್ಟು ಅಚ್ಚುಕಟ್ಟಾಗಿ ಕಾವಲು ಹಾಕಬಹುದೋ ಅಷ್ಟು ಅಚ್ಚುಕಟ್ಟಾಗಿ.

ಆ ಬೆಳಿಗ್ಗೆ ಚಳಿ ಜಾಸ್ತಿ ಇತ್ತು. ಎಣ್ಣೆ ತಿಕ್ಕಿಸಿಕೊಂಡ ರತ್ನ ಒಳಗೆ ಕೂತಿದ್ದಳು. ಅವ್ವ ನೀರು ಹುಯ್ಯುತ್ತಿದ್ದಳು. ಬಾಣಂತಿಯ ನೀರು ಬೇಗ ಮುಗಿಯುವಂಥದ್ದಲ್ಲ. ನಾನು ನಡುಮನೆಯಲ್ಲಿ ಮಗುವಿನ ಜೋಲಿ ತೂಗುತ್ತಿದ್ದೆ. ಒಳಗಿನಿಂದ ರತ್ನನ ದನಿ ಕೇಳಿಸಿತು: "ತಲೆ ಒಸಿ ತಿರುಗ್ದಂಗಾಯ್ತದೆ ಕಣವ್ವ."

"ಹಸಿ ಮೈ ಕಣೆ, ಹಂಗೇಯ. ಕುಂತಿರು, ಸಾಂಬ್ರಾಣಿಗೆ ಕೆಂಡ ಹಾಕಿ ಬತ್ತೀನಿ" ಎಂದು ಹೇಳಿ ಅವ್ವ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಅವಳ ಮುಖವೂ ಬಿಳಿಚಿದ್ದನ್ನು ನಾನು ಕಂಡೆ. ದಣಿವು ಅಂದುಕೊಂಡೆ.

ನೀರಿನ ಸದ್ದು ನಿಲ್ಲಲಿಲ್ಲ. ಆದರೆ ಅದು ಒಂದೇ ಸಮನಾಗಿ ಬೀಳುತ್ತಿತ್ತು. ಮೈಮೇಲೆ ಬೀಳುವ ನೀರು ಹಾಗೆ ಬೀಳುವುದಿಲ್ಲ. ತಂಬಿಗೆ ತುಂಬುತ್ತದೆ, ಚೆಲ್ಲುತ್ತದೆ, ನಡುವೆ ತಡೆಯುತ್ತದೆ. ಕೂಗಿದೆ. ಮತ್ತೆ ಕೂಗಿದೆ. ಬಾಣಂತಿ ಒಳಗಿದ್ದಾಗ ಚಿಲಕ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಆ ಪದ್ಧತಿ ಮಾಡಿದವರಿಗೆ ನಾನು ಇವತ್ತಿಗೂ ಋಣಿ. ಬಾಗಿಲು ತಳ್ಳಿದರೆ ರತ್ನ ಗೋಡೆಗೆ ಜಾರಿ ಒರಗಿದ್ದಳು. ಕಣ್ಣು ಅರ್ಧ ತೆರೆದಿತ್ತು, ನೋಟವಿರಲಿಲ್ಲ. ಮೇಲೆ ನೀಲಿ ಬೆಂಕಿ ಶಾಂತವಾಗಿ ಉರಿಯುತ್ತಿತ್ತು.

ಅವಳ ಕಂಕುಳಿಗೆ ಕೈ ಹಾಕಿ ಎಳೆದೆ. ಬಾಗಿಲು ದಾಟುವಷ್ಟರಲ್ಲಿ ನನ್ನ ತಲೆಯೂ ಸುತ್ತಿತು. ಅವ್ವ ಓಡಿಬಂದು ಕಾಲು ಹಿಡಿದಳು. ನಮ್ಮ ಕೂಗಿಗೆ ಪಕ್ಕದ ಮನೆಯ ಕೆಂಪಮ್ಮ ಬಂದಳು. ಬಂದವಳೇ ಒಂದು ನೋಟ ನೋಡಿ ತೀರ್ಪು ಕೊಟ್ಟಳು.

"ಗಾಳಿ ಮೆಟ್ಕೊಂಡೈತೆ ಕಣ್ರವ್ವ. ಒಳಿಕ್ ಮನಗ್ಸಿ, ಕಿಟ್ಕಿ ಬಾಗ್ಲು ಎಲ್ಲಾ ಹಾಕಿ."

ನಮ್ಮ ಕಡೆ ಗಾಳಿ ಎಂದರೆ ಎರಡು. ಒಂದು ಉಸಿರಾಡುವ ಗಾಳಿ. ಇನ್ನೊಂದು ಹಸಿ ಮೈ ಕಂಡರೆ ಬಂದು ಮೆಟ್ಟುವ, ದೆವ್ವದ ಗಾಳಿ. ಒಂದೇ ಮಾತು. ಎರಡನೆಯದನ್ನು ಹೊರಗಿಡಲು ಹೋಗಿ ನಾವು ಮೊದಲನೆಯದನ್ನೂ ಹೊರಗಿಟ್ಟಿದ್ದೆವು. ಈಗ ಕೆಂಪಮ್ಮನ ಮಾತು ಕೇಳಿದರೆ, ಕಂಬಳಿ ಕಟ್ಟಿದ ಕೋಣೆಯಲ್ಲಿ, ಸಾಂಬ್ರಾಣಿ ಕೆಂಡದ ಪಕ್ಕದಲ್ಲಿ ಅವಳನ್ನು ಮಲಗಿಸಬೇಕು. ಅವ್ವ ಆಗಲೇ ಕೋಣೆಯ ಕಡೆ ಎಳೆಯುತ್ತಿದ್ದಳು. ನಾನು ಜಗಲಿಯ ಕಡೆ ಎಳೆಯುತ್ತಿದ್ದೆ. ನಡುವೆ ರತ್ನ.

ನನಗೆ ಎಲ್ಲ ಗೊತ್ತಿತ್ತು ಎಂದರೆ ಸುಳ್ಳು. ಬಚ್ಚಲಿನಿಂದ ಹೊರಬಿದ್ದಾಗ ಎದೆಗೆ ಸಿಕ್ಕ ಸುಖವಷ್ಟೇ ಗೊತ್ತಿತ್ತು. ಅದು ಅವಳಿಗೂ ಸಿಗಲಿ ಅನ್ನಿಸಿತು.

"ಹಸಿ ಬಾಣಂತಿನ ಜಗಲಿ ಮ್ಯಾಲೆ ಮನಗಿಸ್ತೀಯೇನೆ? ಸನ್ನಿ ಆದ್ರೆ ಏನ್ ಮಾಡೀಯೆ?" ಅಂದಳು ಅವ್ವ.

"ಅವ್ವ, ನಿನ್ಗೂ ತಲೆ ಸುತ್ತುತಾ ಐತಲ್ವಾ?"

ಅವ್ವ ಒಂದು ಕೈಯಲ್ಲಿ ಗೋಡೆ ಹಿಡಿದುಕೊಂಡಿದ್ದಳು. ಹೂಂ ಅಂದಳು.

"ನನ್ಗೂ ಸುತ್ತುತೈತೆ. ಗಾಳಿ ಮೂರು ಜನಕ್ಕೂ ಒಟ್ಟಿಗೇ ಮೆಟ್ತದಾ?"

"ಹುಣಸೇಮರದ್ದಾದ್ರೆ ಮೆಟ್ತದೆ" ಅಂದಳು ಕೆಂಪಮ್ಮ.

ಆದರೆ ಅವ್ವನ ಕೈ ಅಷ್ಟರಲ್ಲಿ ಸಡಿಲಾಗಿತ್ತು. ರತ್ನನನ್ನು ಕಂಬಳಿಯಲ್ಲಿ ಸುತ್ತಿ ಜಗಲಿಗೆ ತಂದೆವು. ನಾನು ಹೊರಗಿನಿಂದಲೇ ಹೋಗಿ, ಹಿತ್ತಿಲಿನಲ್ಲಿದ್ದ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ, ಬೀದಿಯಲ್ಲಿದ್ದ ಆಟೋ ಕರೆದೆ. ತಿರುಗಿ ಬಂದಾಗ ಚಳಿಗಾಳಿ ಬೀಸುತ್ತಿತ್ತು. ಅವ್ವ ಮಗಳ ಕಿವಿ ಮುಚ್ಚಿಕೊಂಡು ಅಳುತ್ತಿದ್ದಳು. ರತ್ನನ ಎದೆ ಒಮ್ಮೆ ದೊಡ್ಡದಾಗಿ ಏರಿತು. ಆಮೇಲೆ ಇನ್ನೊಮ್ಮೆ. ಸ್ವಲ್ಪ ಹೊತ್ತಿಗೆ ತುಟಿ ಅಲುಗಿತು. ನಾನು ಕಿವಿ ಕೊಟ್ಟೆ.

"ಕಂಬಳಿ ಸರಿ ಮಾಡೇ ಅಕ್ಕ. ಬೀದಿ ಜನ ನೋಡ್ತಾವ್ರೆ."

ಇಷ್ಟು ಚೆಂದದ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮಗುವನ್ನೂ ಎತ್ತಿಕೊಂಡು ಆಸ್ಪತ್ರೆಗೆ ಹೋದೆವು. ಅಲ್ಲಿ ಆಮ್ಲಜನಕ ಕೊಟ್ಟು, ಸಂಜೆಯ ಹೊತ್ತಿಗೆ ಅವಳನ್ನು ಎಬ್ಬಿಸಿ ಕೂರಿಸಿದರು. ಮುಚ್ಚಿದ ಕೋಣೆಯಲ್ಲಿ ಗ್ಯಾಸ್ ಉರಿದರೆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ ತುಂಬಿಕೊಳ್ಳುತ್ತದೆ, ಬೆಂಕಿಗೂ ಮನುಷ್ಯರಂತೆಯೇ ಗಾಳಿ ಬೇಕು ಎಂದು ಡಾಕ್ಟರು ಅವ್ವನಿಗೆ ತಿಳಿಯುವಂತೆ ಹೇಳಿದರು. ಹೊಗೆಯಿದ್ದಲ್ಲಿ ಬೆಂಕಿಯಿದೆ ಎಂದು ತರ್ಕಶಾಸ್ತ್ರದವರು ಬೆಟ್ಟ ತೋರಿಸಿ ಸಾಧಿಸುತ್ತಾರೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರಬೇಕಿಲ್ಲ ಎನ್ನುವುದಕ್ಕೆ ಕೆಂಪಗೆ ಕಾದ ಕಬ್ಬಿಣದ ಗುಂಡನ್ನು ತೋರಿಸುತ್ತಾರಂತೆ. ಅಷ್ಟು ಯೋಚಿಸಿದವರು ಅಲ್ಲಿಗೇ ನಿಲ್ಲಬಾರದಿತ್ತು. ಹೊಗೆ ಕಾಣದ ಬೆಂಕಿಯ ಪಕ್ಕ ಬಾಗಿಲು ಹಾಕಿಕೊಂಡು ಕೂರಬೇಡಿ ಎಂದು ಒಂದು ಸಾಲು ಸೇರಿಸಬಹುದಿತ್ತು.

ಗೀಸರ್ ಹೊರಗಿನ ಗೋಡೆಗೆ ಹೋಯಿತು. ಬಿಸಿನೀರಷ್ಟೇ ಕೊಳವೆಯಲ್ಲಿ ಒಳಗೆ ಬರುವಂತೆ ಮಾಡಿಸಿದೆವು. ಗವಾಕ್ಷಿಯ ಸೀರೆ ಕಿತ್ತದ್ದು ಅವ್ವನೇ. ಆದರೂ ಅವಳಿಗೆ ಧೈರ್ಯ ಬರಲಿಲ್ಲ. ರತ್ನನಿಗೆ ನೀರು ಹುಯ್ಯುವಾಗ ಬಾಯಿಗೆ ಬಂದ ಕತೆ ಹೇಳುವಳು; ಪ್ರತಿ ಮಾತಿಗೂ ಇವಳು ಹೂಂ ಅನ್ನಬೇಕು. ಒಂದು ಹೂಂ ತಪ್ಪಿದರೆ ಕತೆ ನಿಂತು, ಅವ್ವನ ಕೈ ಇವಳ ಗಲ್ಲಕ್ಕೆ ಬರುವುದು.

ಬಾಣಂತನ ಮುಗಿದರೂ ಆ ಅಭ್ಯಾಸ ಮುಗಿಯಲಿಲ್ಲ. ನಮ್ಮಲ್ಲಿ ಸ್ನಾನಕ್ಕೆ ಹೋದ ಯಾರಿಗೂ ಈಗ ಏಕಾಂತವಿಲ್ಲ. ಹೊರಗಿನಿಂದ ಯಾರಾದರೂ ಕೂಗುತ್ತಲೇ ಇರುತ್ತಾರೆ. ಕಾರ್ಖಾನೆಯ ಪಾಳಿ ಮುಗಿಸಿ ದಣಿದು ಬಂದ ರತ್ನನ ಗಂಡ ಮೊನ್ನೆ ಸೋಪು ಹಚ್ಚಿಕೊಂಡೇ ಒಳಗಿನಿಂದ ರೇಗಿದರು: ನಿಮ್ಮ ಮನೆಯಲ್ಲಿ ನೆಮ್ಮದಿಯಾಗಿ ಒಂದು ಚೊಂಬು ನೀರು ಹುಯ್ದುಕೊಳ್ಳುವುದಕ್ಕೂ ಆಗುವುದಿಲ್ಲ, ಅಂತ.

ಅವ್ವ ತೃಪ್ತಿಯಿಂದ ಅಡುಗೆಮನೆಗೆ ಹೋದಳು. ರೇಗುವುದಕ್ಕೆ ಉಸಿರು ಬೇಕಲ್ಲ.