ಜಗಬುಡಿಯ ದಿನ ಮನೆಯಲ್ಲಿ ಉಳಿದವಳು

ಮೊನ್ನೆ ಮೊಮ್ಮಗನ ಹೆಂಡತಿ ಹೊಸ ಚಾದರವೊಂದನ್ನು ಬಕೀಟಿನಲ್ಲಿ ನೆನೆಹಾಕಿ ಮರೆತುಬಿಟ್ಟಿದ್ದಳು. ಮರುದಿನ ಹೋಗಿ ಮುಚ್ಚಳ ತೆಗೆದರೆ ಹುಳಿತ ಗಂಜಿಯ ವಾಸನೆ ಹಿತ್ತಲಿಂದ ನಡುಮನೆಯವರೆಗೆ ಬಂತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಕಾಳು ಆರಿಸುತ್ತಿದ್ದ ಮೊರ ಬದಿಗಿಟ್ಟು ಹಾಗೇ ಕೂತುಬಿಟ್ಟೆ. "ಏನಾತ್ರಿ ಆಯಿ, ತಲಿ ತಿರಗತೈತೇನು?" ಅಂದಳು. ತಲೆ ತಿರುಗಿತ್ತು ನಿಜ, ಆದರೆ ಅವಳು ತಿಳಿದ ಹಾಗಲ್ಲ. ಇದೇ ವಾಸನೆಯ ಮನೆಯೊಂದು ಇತ್ತು, ಅದರ ಬಾಗಿಲು ಹಗಲು ಮುಚ್ಚಿದ್ದನ್ನು ನಾನು ನೋಡಿದ್ದು ಒಂದೇ ಸಲ...

ನನ್ನ ತವರು ಮೈಂದರ್ಗಿ. ಮದುವೆಯಾಗಿ ಸೊಲ್ಲಾಪುರಕ್ಕೆ ಬಂದಾಗ ನನಗೆ ಮಿಲ್ಲಿನ ಭೋಂಗಾ ಕೂಗಿದರೆ ಎದೆ ಧಸಕ್ಕೆನ್ನುತ್ತಿತ್ತು. ನಮ್ಮವರು ಮಿಲ್ಲಿಗೆ ಹೋದ ಮೇಲೆ ಹತ್ತಾರು ಬಾಡಿಗೆ ಮನೆಗಳ ಆ ದೊಡ್ಡ ವಾಡೆಯಲ್ಲಿ ನಾನೊಬ್ಬಳೇ. ಮರಾಠಿ ಬಾರದು, ನಲ್ಲಿಯ ಹತ್ತಿರ ಹೆಂಗಸರು ಏನಾದರೂ ಕೇಳಿದರೆ ಸುಮ್ಮನೆ ಹಲ್ಲು ಕಿಸಿಯುತ್ತಿದ್ದೆ. ಪಕ್ಕದ ಮನೆಯ ಅಕ್ಕ ಬಂದು, ನನ್ನ ಕೊಡ ಎತ್ತಿ ನನ್ನ ಸೊಂಟಕ್ಕಿಟ್ಟು, "ಹೆದರಬ್ಯಾಡವಾ, ಇವರ್ಯಾರೂ ಕಡಿಯೂದಿಲ್ಲ" ಅಂದಳು. ಅವತ್ತಿನಿಂದ ಅವಳು ನನಗೆ ಅಕ್ಕ. ನನ್ನ ಒಡಹುಟ್ಟಿದವರು ಯಾರೂ ನನಗೆ ಅಷ್ಟು ಮಾಡಲಿಲ್ಲ, ಸುಳ್ಳು ಯಾಕೆ ಹೇಳಲಿ.

ಅವರದು ನೇಕಾರರ ಮನೆ. ಮುಂದಿನ ಕೋಣೆಯಲ್ಲಿ ಕುಣಿಮಗ್ಗ, ಅಕ್ಕನ ಗಂಡ ಕುಣಿಯಲ್ಲಿ ಕಾಲಿಳಿಸಿ ಸೀರೆ ನೇಯುತ್ತಿದ್ದ. ಅಕ್ಕನ ಕೆಲಸ ಕೆಚ್ಚುವುದು. ಹಾಸು ಅಂದರೆ ಮಗ್ಗಕ್ಕೆ ಉದ್ದಕ್ಕೆ ಎಳೆದ ಎಳೆಗಳು; ಒಂದು ಹಾಸಿನ ಸೀರೆಗಳು ಮುಗಿದಾಗ ನೇಕಾರರು ಎಳೆಗಳನ್ನು ಪೂರ್ತಿ ಕೊಯ್ದು ತೆಗೆಯುವುದಿಲ್ಲ. ಎಳೆ ಪೋಣಿಸುವ ಬಾಚಣಿಗೆಯಂಥ ಹಣಿಗೆಯಲ್ಲಿ ಗೇಣುದ್ದ ಎಳೆ ಬಿಟ್ಟಿರುತ್ತಾರೆ. ಮುಂದಿನ ಹಾಸಿನ ಒಂದೊಂದು ಎಳೆಯನ್ನೂ ಈ ಹಳೆಯ ಎಳೆಗೆ ಹೊಸೆದು ಕೂಡಿಸುವುದೇ ಕೆಚ್ಚುವುದು. ಅಕ್ಕ ಬೆರಳಿಗೆ ಬೂದಿ ಹಚ್ಚಿಕೊಂಡು ಕೂತರೆ ಮಾತು ನನ್ನ ಜೊತೆ, ಕಣ್ಣು ಬಾಗಿಲ ಕಡೆ, ಬೆರಳು ಮಾತ್ರ ತಮ್ಮ ಪಾಡಿಗೆ ಎಳೆ ಹೊಸೆಯುತ್ತಿದ್ದವು. ಬರೀ ಮಗ್ಗ ಅಂದರೆ ಅವರಲ್ಲಿ ಅಪಶಕುನ. ಗೇಣು ಎಳೆ ಇದ್ದರೆ ಆ ಮನೆಗೆ ನಾಳೆ ಎನ್ನುವುದು ಉಂಟು ಅನ್ನುತ್ತಿದ್ದರು.

ಅವಳ ಕಣ್ಣು ಬಾಗಿಲ ಕಡೆಯೇ ಯಾಕೆ ಅಂತ ನನಗೆ ತಿಳಿಯಲು ತಡವಾಯಿತು. ಅವರಿಗೆ ಇಬ್ಬರು ಮಕ್ಕಳು. ಹಿರಿಯ ಗಂಡುಹುಡುಗ, ನಾನು ಆ ವಾಡೆಗೆ ಬರುವ ಮೊದಲೇ, ಮನೆಮನೆಯಲ್ಲಿ ಹೆಣ ಕೆಡವಿದ ಮಾನಮೋಡಿ ಜ್ವರದಲ್ಲಿ ಹೋಗಿದ್ದ. ಬೆಳಿಗ್ಗೆ ಗೋಲಿ ಆಡಲು ಹೋದವನು ಸಂಜೆ ಚಳಿ ಅಂತ ಬಂದು ಮಲಗಿದನಂತೆ. ಆಗ ಅಕ್ಕನಿಗೂ ಜ್ವರ, ಮೈಮೇಲೆ ಎಚ್ಚರವಿಲ್ಲ. ಅವನನ್ನು ಒಯ್ದು ಮಣ್ಣು ಮಾಡಿದ್ದನ್ನು ಅವಳು ನೋಡಲಿಲ್ಲ. ಎರಡನೆಯವಳು ಆಗ ಮೊಲೆ ಕುಡಿಯುವ ಕೂಸು. ನಾನು ಕಂಡಾಗ ಮುಂದಿನ ಎರಡು ಹಲ್ಲು ಬಿದ್ದ ಹುಡುಗಿ, ನನ್ನನ್ನು ಚಿಕ್ಕಮ್ಮ ಅನ್ನುವ ಹಾಗೆ ಮಾವಶಿ ಮಾವಶಿ ಅಂತ ಜೀವ ತಿನ್ನುತ್ತಿದ್ದಳು.

ಆ ಮನೆಗೆ ಶನಿ ಹೊಕ್ಕಿದ್ದು ಜನ ಅಪ್ಪ ಅಂತ ಕರೆಯುತ್ತಿದ್ದ, ಕಾಲಜ್ಞಾನ ಹೇಳುವ ಒಬ್ಬ ಸಾಧುವಿನ ರೂಪದಲ್ಲಿ. ಎಲ್ಲಿಂದ ಬಂದನೋ, ಯಾವ ಮಠದವನೋ, ಯಾರಿಗೂ ಗೊತ್ತಿರಲಿಲ್ಲ. ಅಕ್ಕಲಕೋಟ ದಾಟಿ ವಾಗದರಿಯ ಹತ್ತಿರ ಒಂದು ದಿನ್ನೆಯ ಮೇಲೆ ಗುಡಿಸಲು ಹಾಕಿಕೊಂಡು ಕೂತಿದ್ದ. ಮಣ್ಣೆತ್ತಿನ ಅಮಾವಾಸ್ಯೆಗೆ ಜಗಬುಡಿ, ಭೂಮಿಯೆಲ್ಲ ನೀರಿನಲ್ಲಿ ಮುಳುಗುತ್ತದೆ, ದಿನ್ನೆಯ ಮೇಲಿದ್ದವರು ಮಾತ್ರ ಉಳಿಯುತ್ತಾರೆ ಅನ್ನುತ್ತಿದ್ದ. ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನೀರು ಇಳಿದ ಮೇಲೆ ಮಣ್ಣಲ್ಲಿಟ್ಟವರೆಲ್ಲ ಎದ್ದು ಬರುತ್ತಾರೆ ಅಂತಲೂ ಹೇಳಿದ. ಮಾನಮೋಡಿಯಲ್ಲಿ ಮಕ್ಕಳನ್ನು ಕಳೆದುಕೊಂಡ ಊರುಗಳಲ್ಲಿ ಈ ಮಾತು ಹೇಳಿದರೆ ಏನಾಗಬೇಕು? ಕುರಿ ಕಾಯುವವರು ಕುರಿ ಬಿಟ್ಟು ಬಂದರು, ಹೊಲ ಇದ್ದವರು ಬಿತ್ತುವುದನ್ನು ಬಿಟ್ಟು ಬಂದರು. ಆದರೆ ಒಂದು ಕಟ್ಟು ಇತ್ತು. ಮನೆಯವರೆಲ್ಲ ಬರಬೇಕು, ಹಿಂದೆ ಏನೂ ಬಿಡಬಾರದು. ಒಬ್ಬರು ಹಿಂದೆ ಉಳಿದರೂ ಆ ಮನೆಯ ಸತ್ತವರು ಏಳುವುದಿಲ್ಲ.

ಅಕ್ಕನ ಗಂಡ ಮಗ್ಗದಿಂದ ತಲೆ ಎತ್ತದ ಮನುಷ್ಯ. ಅವನು ಒಂದು ಸಲ ವಾಗದರಿಗೆ ಹೋಗಿ ಬಂದವನು ಬೇರೆಯವನೇ ಆಗಿ ಬಂದ. ನಕ್ಕೋತ ಮಾತಾಡುತ್ತಿದ್ದ! ನಾನು ಆ ವಾಡೆಗೆ ಬಂದು ಅವನ ಹಲ್ಲು ನೋಡಿದ್ದು ಆಗಲೇ. "ಹುಡುಗ ಬರ್ತಾನವಾ" ಅಂತ ನನಗೂ ಹೇಳಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ, "ಬರೂ ಮುಂದ ನಮ್ಮ ಅಜ್ಜಿನ್ನೂ ಕರ್ಕೊಂಡು ಬಾ ಅನ್ರಿ, ಆಕಿ ನನ್ನ ಬೆಳ್ಳಿ ಡಾಬು ಎಲ್ಲಿಟ್ಟಾಳೋ ಗೊತ್ತಿಲ್ಲ" ಅಂದೆ. ಅವನು ಸಿಟ್ಟಾಗಲಿಲ್ಲ. ಕರುಣೆಯಿಂದ ನೋಡಿದ. ಮುಳುಗಿ ಹೋಗುವವಳನ್ನು ನೋಡಿದ ಹಾಗೆ. ಆವತ್ತು ನನಗೆ ಮೊದಲ ಸಲ ಹೆದರಿಕೆಯಾಯಿತು.

ಅಮಾವಾಸ್ಯೆಯ ಹಿಂದಿನ ದಿನ ಅವನು ಕತ್ತರಿ ತೆಗೆದುಕೊಂಡು ಮಗ್ಗದ ಎಳೆ ಕೊಯ್ದ. ಗೇಣುದ್ದವೂ ಬಿಡದೆ, ಹಣಿಗೆ ಬರಿದಾಗುವ ಹಾಗೆ ಪೂರ್ತಿ. ಅಕ್ಕ "ಅಯ್ಯ ನನ್ನ ಶಿವನೇ!" ಅಂತ ಕೂಗಿದ್ದು ನಮ್ಮ ಮನೆಗೆ ಕೇಳಿಸಿತು. ಓಡಿಹೋದೆ. ಅವಳು ನೆಲದ ಮೇಲೆ ಬಿದ್ದ ಎಳೆಗಳನ್ನು ಸೆರಗಿನಲ್ಲಿ ಆರಿಸಿಕೊಳ್ಳುತ್ತಿದ್ದಳು. ಅವನು ಶಾಂತವಾಗಿ, "ಇನ್ನ ಇಲ್ಲಿ ನೇಯೂದೇನೈತಿ?" ಅಂದ.

ಬೆಳಗಾಯಿತು. ಅವನು ಅಂಗಿಯ ಮೇಲೆ ಒಂದು ಪಂಜೆ ಹೊದ್ದು ನಿಂತ. ಹುಡುಗಿ ಎತ್ತು ಮಾಡಲಿಕ್ಕೆ ಮಣ್ಣು ಕಲಸಿದ್ದಳು, ಕೈಯೆಲ್ಲ ಕೆಸರು. "ಅಣ್ಣನ್ನ ನೋಡಾಕ ಹೋಗೂನು ನಡಿ" ಅಂದಾಗ ಆ ಕೆಸರಿನ ಕೈಯಿಂದಲೇ ಅಪ್ಪನ ಪಂಜೆ ಹಿಡಿದಳು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು.

"ನೀ ಬರೂದಿಲ್ಲಾ?"

"ಇಲ್ಲ."

"ನೀ ಬರಲಿಲ್ಲಂದ್ರ ಅವ ಏಳೂದಿಲ್ಲ. ತಿಳದ ಮಾತಾಡತೀಯೇನು?"

"ನಾ ಬರೂದಿಲ್ಲ. ಹುಡುಗಿನ್ನ ಬಿಟ್ಟು ಹೋಗ್ರಿ."

ಅವನು ಬಿಡಲಿಲ್ಲ. ಹುಡುಗಿಯೂ ನಿಲ್ಲಲಿಲ್ಲ, ಅಣ್ಣನನ್ನು ನೋಡುವ ಸಂಭ್ರಮ ಅವಳಿಗೆ. ಓಣಿಯ ತಿರುವಿನಲ್ಲಿ ತಿರುಗಿ ಕೆಸರಿನ ಕೈ ಬೀಸಿದಳು. ಮರುದಿನ ಇಬ್ಬರೂ ನಾಚಿಕೊಂಡು ಮನೆಗೆ ಬರುತ್ತಾರೆ ಅಂದುಕೊಂಡೆ. ಅಕ್ಕನ ಧೈರ್ಯಕ್ಕೆ ನನಗೆ ಎಷ್ಟು ಹೆಮ್ಮೆ ಅಂದರೆ, ಊರೆಲ್ಲ ಹುಚ್ಚಾದರೂ ಇವಳೊಬ್ಬಳ ತಲೆ ನೆಟ್ಟಗಿದೆ ಅಂತ ನಮ್ಮವರ ಮುಂದೆ ಹೇಳಿಕೊಂಡೆ.

ಮಧ್ಯಾಹ್ನ ಗಾಳಿ ಎದ್ದಿತು, ನಾಲ್ಕು ಹನಿ ಬಿತ್ತು. ಅಕ್ಕನಿಗೆ ಎರಡು ರೊಟ್ಟಿ ಕೊಟ್ಟು ಬರೋಣ ಅಂತ ಹೋದರೆ ಅವಳ ಮನೆ ಹಬ್ಬದ ಮನೆಯಾಗಿತ್ತು. ನೆಲ ಸಾರಿಸಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದಳು. ಒಲೆಯ ಮೇಲೆ ಶೇಂಗಾ ಹೋಳಿಗೆ. ಬಾಗಿಲು ಹಾರುಹೊಡೆದಿತ್ತು.

"ಇದೇನಕ್ಕಾ ಇದು?" ಅಂದೆ.

"ಅವಗ ಶೇಂಗಾ ಹೋಳಿಗಿ ಅಂದ್ರ ಜೀವ" ಅಂದಳು.

ನನಗೆ ಅರ್ಥವಾಗಲಿಲ್ಲ. ಯಾರಿಗೆ ಅಂತ ಕೇಳಿದೆ. ಅವಳು ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದಳು.

"ನನ್ನ ಮಗಗ. ಅವ ಎದ್ದ ಬಂದ್ರ ಎಲ್ಲಿಗೆ ಬರ್ತಾನ? ವಾಗದರಿ ಅವ ಕಂಡಾನೇನು? ಅವಗ ಗೊತ್ತಿರೂದು ಈ ಮನಿ ಒಂದs. ಅವ ಬಂದಾಗ ಬಾಗಲಾ ಹಾಕಿದ್ರ, ನಾ ಇಲ್ಲದಿದ್ರ, ಹುಡುಗ ಏನ್ ಮಾಡಬೇಕವಾ?"

ಕೈಯಲ್ಲಿದ್ದ ರೊಟ್ಟಿ ಹಾಗೇ ಇತ್ತು. ನಾನು ಧೈರ್ಯ ಅಂದುಕೊಂಡಿದ್ದು ಇದು! ಗಂಡ ನಂಬಿ ಹೋಗಿದ್ದ, ಇವಳು ನಂಬಿ ಉಳಿದಿದ್ದಳು. "ಹೌದಕ್ಕಾ" ಅಂದೆ. ರೊಟ್ಟಿಯನ್ನು ಹೋಳಿಗೆಯ ಪಕ್ಕ ಇಟ್ಟು ಬಂದೆ.

ಅಮಾವಾಸ್ಯೆ ಕಳೆಯಿತು. ಭೂಮಿ ಇದ್ದಲ್ಲೇ ಇತ್ತು, ಮಿಲ್ಲಿನ ಭೋಂಗಾ ಹೊತ್ತಿಗೆ ಸರಿಯಾಗಿ ಕೂಗಿತು. ದಿನ್ನೆಗೆ ಹೋದವರು ಒಬ್ಬೊಬ್ಬರಾಗಿ ತಲೆತಗ್ಗಿಸಿಕೊಂಡು ಮರಳಿದರು. ಅಕ್ಕನ ಗಂಡ ಬರಲಿಲ್ಲ. ನಮ್ಮವರೇ ಒಂದು ರಜೆಯ ದಿನ ಅಕ್ಕಲಕೋಟದವರೆಗೆ ಹೋಗಿ, ಅಲ್ಲಿಂದ ಬಂಡಿ ಹಿಡಿದು ವಾಗದರಿಗೆ ಹೋದರು. ಹುಡುಗಿ ಚೆನ್ನಾಗಿದ್ದಾಳೆ, ಒಣಗಿದ್ದಾಳೆ ಅಷ್ಟೇ ಅಂದರು. ಅಕ್ಕನ ಗಂಡ ಮಾತ್ರ ಒಂದೇ ಹಟ ಹಿಡಿದಿದ್ದ. ಕೆಲವರು ಮನೆಗೆ ಅಂಟಿಕೊಂಡು ಉಳಿದದ್ದಕ್ಕೇ ಜಗಬುಡಿ ನಿಂತಿದೆ ಅಂತ ಕಾಲಜ್ಞಾನದ ಅಪ್ಪ ಹೇಳಿದ್ದನಂತೆ. "ಆಕಿ ಬರಲಿ. ಆಕಿ ಬಂದ್ರ ಹುಡುಗಿನೂ ಸಿಗತಾಳ, ಹುಡುಗನೂ ಸಿಗತಾನ. ಇಲ್ಲಂದ್ರ ಇಬ್ಬರೂ ಇಲ್ಲ ಅಂತ ಹೇಳ್ರಿ" ಅಂದನಂತೆ.

"ಹೋಗಕ್ಕಾ, ಹೋಗಿ ಹುಡುಗಿನ್ನ ಎತ್ತಿಕೊಂಡು ಬಾ" ಅಂತ ನಾನು ಅವಳ ತಲೆ ತಿಂದೆ. "ನಿನ್ನ ಮನ್ಯಾಗ ನಾ ಕೂಡತೀನಿ, ಬಾಗಲಾ ಹಾಕೂದಿಲ್ಲ, ನನ್ನಾಣಿ" ಅಂದೆ. ಕೊನೆಗೂ ಹೊರಟಳು. ಬುತ್ತಿ ಕಟ್ಟಿಕೊಂಡಳು, ಹುಡುಗಿಗೆ ಒಂದು ಪರಕಾರ, ಲಂಗ ಅಂತಾರಲ್ಲ ಅದು, ಇಟ್ಟುಕೊಂಡಳು. ನಾನು ಅವಳ ಹೊಸ್ತಿಲ ಮೇಲೆ ಕೂತೆ. ನಲ್ಲಿಯವರೆಗೆ ಹೋದವಳು ನಿಂತಳು. ತಿರುಗಿ ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ವಾಪಸು ಬಂದು ಬುತ್ತಿ ಬಿಚ್ಚಿದಳು.

"ನಿನ್ನ ಮಾರಿ ಅವಗ ಗುರತಿಲ್ಲವಾ" ಅಂದಳು. "ಹೆದರತಾನ."

ಸಿಟ್ಟು ನೆತ್ತಿಗೇರಿತು. ಸತ್ತ ಮಗನ ಹೆದರಿಕೆ ದೊಡ್ಡದೋ, ಇದ್ದ ಮಗಳ ಹಸಿವೆ ದೊಡ್ಡದೋ ಅಂತ ಕೇಳಬೇಕೆಂದು ಬಾಯಿ ತೆರೆದೆ. ಅವಳ ಮುಖ ನೋಡಿ ಆಗಲಿಲ್ಲ. ಅವಳು ಅಳುತ್ತಿದ್ದಳು. ಹುಡುಗಿಯ ಪರಕಾರವನ್ನು ಎದೆಗೆ ಒತ್ತಿಕೊಂಡು, ಬಾಗಿಲ ಕಡೆ ನೋಡಿಕೊಂಡು ಅಳುತ್ತಿದ್ದಳು. ಆ ಹೊಸ್ತಿಲು ದಾಟಲು ಅವಳ ಕಾಲೇ ಏಳುತ್ತಿರಲಿಲ್ಲ ಅಂತ ನನಗೆ ಕಂಡಿತು. ನಮ್ಮವರು "ಹುಚ್ಚಿ" ಅಂದರು. ಹುಚ್ಚಿಯಾಗಿದ್ದರೆ ಅಷ್ಟು ಅಚ್ಚುಕಟ್ಟಾಗಿ ಸಂಸಾರ ನಡೆಸುತ್ತಿದ್ದಳೇ? ಓಣಿಯ ನೇಕಾರರೆಲ್ಲ ಕೆಚ್ಚುವ ಕೆಲಸ ಅವಳ ಮನೆಗೇ ತಂದು ಕೊಡುತ್ತಿದ್ದರು. ನನ್ನ ಎರಡು ಬಾಣಂತನ ಅವಳೇ ಮಾಡಿದಳು. ಹಬ್ಬ ಬಂದಾಗಲೆಲ್ಲ ಹುಡುಗಿಗೆ ಅಂತ ಒಂದು ಪರಕಾರ ಹೊಲಿಯುತ್ತಿದ್ದಳು, ಪ್ರತಿ ಸಲ ಸ್ವಲ್ಪ ಉದ್ದ. ಮೈಂದರ್ಗಿಗೆ ಹೋಗುವಾಗ ನನ್ನ ಕೈಲಿ ಕೊಡುತ್ತಿದ್ದಳು, ನಾನು ಅಲ್ಲಿಂದ ಯಾರ ಕೈಲೋ ವಾಗದರಿಗೆ ಕಳಿಸುತ್ತಿದ್ದೆ. ಮುಟ್ಟಿತು ಅಂತ ಯಾರೂ ಬಂದು ಹೇಳಲಿಲ್ಲ.

ಗಂಡ ಕೊಯ್ದ ಎಳೆಗಳನ್ನು ಅವಳು ಮತ್ತೆ ಹಣಿಗೆಗೆ ಹಾಕಿದಳು. ಒಂದೊಂದೇ ಎಳೆ, ಒಂದೊಂದೇ ಸಂದಿಗೆ. ಅದರಲ್ಲಿ ನೇಯುವವರು ಯಾರೂ ಇರಲಿಲ್ಲ. ಕೆಲಸ ಮುಗಿದ ಮೇಲೆ ಎಳೆ ಗಟ್ಟಿಯಾಗಿರಲಿ ಅಂತ ಅದಕ್ಕೆ ಗಂಜಿ ಹಚ್ಚಿದಳು, ಮತ್ತೆ ಮತ್ತೆ ಹಚ್ಚುತ್ತಿದ್ದಳು, ಮನೆಯೆಲ್ಲ ಹುಳಿತ ಗಂಜಿಯ ವಾಸನೆ. ಸ್ವಾತಂತ್ರ್ಯ ಚಳವಳಿಯ ಗಲಾಟೆಗೆ ಸೊಲ್ಲಾಪುರದ ರಸ್ತೆಗಳಲ್ಲಿ ಮಿಲಿಟರಿಯವರು ನಿಂತ ವರ್ಷ, ನಾವೆಲ್ಲ ಕದ ಹಾಕಿಕೊಂಡು ಒಳಗೆ ನಡುಗುತ್ತಿದ್ದಾಗಲೂ ಅವಳ ಬಾಗಿಲು ತೆರೆದೇ ಇತ್ತು. "ಗುಂಡು ಹಾರಸತಾರ, ಕದಾ ಹಾಕು" ಅಂತ ನಮ್ಮವರು ಗದರಿದರೆ, "ಜಗಬುಡಿ ಇದs ಇದ್ರ?" ಅಂದಳು. ತಮಾಷೆ ಮಾಡಿದಳೋ, ನಿಜವೋ... ನಕ್ಕ ಹಾಗೂ ಕಂಡಿತು.

ಆಮೇಲೆ ಕೆಲವು ವರ್ಷಕ್ಕೆ ಅವಳಿಗೆ ಕೆಮ್ಮು ಹತ್ತಿತು. ಕೆಮ್ಮಿ ಕೆಮ್ಮಿ ಒಂದು ಬೆಳಿಗ್ಗೆ ಹೋಗಿಬಿಟ್ಟಳು, ನನ್ನ ತೊಡೆಯ ಮೇಲೆ ತಲೆಯಿಟ್ಟು, ಬಾಗಿಲ ಕಡೆ ಮುಖ ಮಾಡಿ. ಮೈಂದರ್ಗಿಯವರ ಕೈಲಿ ವಾಗದರಿಗೆ ಹೇಳಿ ಕಳಿಸಿದೆ. ಗಂಡ ಬರಲಿಲ್ಲ. ಅವನಿನ್ನೂ ದಿನ್ನೆಯ ಮೇಲೇ ಇದ್ದ, ಕಾಲಜ್ಞಾನದ ಅಪ್ಪ ಎಲ್ಲಿಗೋ ಹೊರಟುಹೋದ ಮೇಲೂ. ಅಕ್ಕನನ್ನು ಮಣ್ಣು ಮಾಡಿದ ಮೇಲೆ ಮಗಳು ಬಂದಳು.

ಗುರುತೇ ಸಿಗಲಿಲ್ಲ. ಎತ್ತರದ ಹೆಂಗಸು, ಕೈಯಲ್ಲಿ ಬಳೆಯಿಲ್ಲ, ಬಿಸಿಲಿಗೆ ಸುಟ್ಟ ಮುಖ. ಬಾಗಿಲಲ್ಲಿ ನಿಂತು "ಮಾವಶಿ" ಅಂದಾಗ ಧ್ವನಿಯಿಂದ ತಿಳಿಯಿತು. ಉಟ್ಟ ಸೀರೆಯ ಕೆಳಗೆ ಪರಕಾರದ ಅಂಚು ಕಂಡಿತು. ಅಕ್ಕ ಹೊಲಿದದ್ದು. ಮುಟ್ಟಿತ್ತು! ಅವಳನ್ನು ತಬ್ಬಿಕೊಂಡು ಅತ್ತೆ. ಅವಳು ಅಳಲಿಲ್ಲ. ಮಗ್ಗದ ಹತ್ತಿರ ಹೋಗಿ ಗಂಜಿ ಹಚ್ಚಿದ ಆ ಗೇಣುದ್ದದ ಎಳೆಗಳ ಮೇಲೆ ಕೈಯಾಡಿಸಿದಳು.

"ಅವ್ವ ನಂಬಿದ್ದಿಲ್ಲ ಅಲ್ಲೇನ ಮಾವಶಿ? ಅದಕs ಬರಲಿಲ್ಲ. ಅಪ್ಪ ಹಂಗs ಹೇಳತಾನ. ನಂಬದವರು ಬ್ಯಾರೆ, ಅವರ ಮ್ಯಾಲೆ ಸಿಟ್ಟ ಮಾಡಬಾರದು ಅಂತ ನಾನೂ ಸಮಾಧಾನ ಮಾಡಿಕೊಂಡೀನಿ."

ಅವಳಿಗೆ ಸಮಾಧಾನ ಆಗಲಿ ಅಂತಲೇ ನಾನು ನಿಜ ಹೇಳಿದೆ. ಅವ್ವ ನಂಬಿದ್ದಳು, ಎಲ್ಲರಿಗಿಂತ ಹೆಚ್ಚು ನಂಬಿದ್ದಳು, ಅಣ್ಣ ಬಂದರೆ ಮನೆಯಲ್ಲಿ ಯಾರಾದರೂ ಇರಬೇಕಲ್ಲ ಅಂತ ಈ ಹೊಸ್ತಿಲು ಬಿಡಲಿಲ್ಲ ಅಂದೆ. ಶೇಂಗಾ ಹೋಳಿಗೆಯ ಮಾತೂ ಹೇಳಿದೆ. ಅವಳು ಎಳೆಗಳ ಮೇಲಿಂದ ಕೈ ತೆಗೆದಳು.

"ದಿನ್ನಿ ಮ್ಯಾಲೆ ಎಲ್ಲಾರೂ ಮುಗಲ ನೋಡಿಕೋತ ನಿಂತಿದ್ರು" ಅಂದಳು. "ನಾ ಸೊಲ್ಲಾಪುರದ ರಸ್ತಾ ನೋಡಿಕೋತ ನಿಂತಿದ್ದೆ. ಆವತ್ತ ಅಷ್ಟ ಅಲ್ಲ, ಬಾಳ ದಿನ ನಿಂತೆ." ನನ್ನ ಕಡೆ ತಿರುಗಿ ಕೇಳಿದಳು. "ಅವ ಸತ್ತಿದ್ದ. ನಾ ಜೀವಂತ ಇದ್ದೆ ಅಲ್ಲಾ, ಮಾವಶಿ?"

ನಾನು ಎದ್ದು ತಂಬಿಗೆ ತಂದೆ. ನೀರು ಕುಡಿ ಅಂದೆ. ಕುಡಿದಳು. ಹೊರಡುವಾಗ ಗೂಟದಲ್ಲಿದ್ದ ಬೀಗ ತೆಗೆದು, ಕದ ಎಳೆದು, ಹಾಕಿದಳು. ಬೀಗದ ಕೈ ನನ್ನ ಕೈಯಲ್ಲಿಟ್ಟು, ಬಂದ ದಾರಿಯಲ್ಲೇ ವಾಗದರಿಗೆ ಹೋದಳು, ಅಲ್ಲಿ ಮುದುಕ ಅಪ್ಪನಿಗೆ ರೊಟ್ಟಿ ಬಡಿಯುವವರು ಬೇರೆ ಯಾರೂ ಇರಲಿಲ್ಲ. ಮತ್ತೆ ಬರಲಿಲ್ಲ.

ಈಗ ಆ ವಾಡೆಯೂ ಇಲ್ಲ. ಅಕ್ಕನ ತಪ್ಪೋ, ಗಂಡನ ತಪ್ಪೋ, ಕಾಲಜ್ಞಾನದ ಅಪ್ಪನ ತಪ್ಪೋ ಅಂತ ಎಷ್ಟೋ ಸಲ ಲೆಕ್ಕ ಹಾಕಿ ಬಿಟ್ಟಿದ್ದೇನೆ. ಅಕ್ಕನ ಮೇಲೆ ಸಿಟ್ಟು ಬರುತ್ತದೆ, ಸಿಟ್ಟಿನ ನಡುವೆಯೇ ಅವಳ ಬೂದಿ ಹಚ್ಚಿದ ಬೆರಳು ನೆನಪಾಗುತ್ತವೆ. ಅಂಥ ಅಕ್ಕ ನನಗೆ ಮತ್ತೆ ಸಿಗಲಿಲ್ಲ.

"ಈ ನೀರ ಚೆಲ್ಲಲೇನ್ರಿ ಆಯಿ?" ಅಂತ ಹಿತ್ತಲಿಂದ ಮೊಮ್ಮಗನ ಹೆಂಡತಿ ಕೇಳಿದಳು.

ಚೆಲ್ಲು ಅಂದೆ. ಆಮೇಲೆ, ಯಾಕೋ, ಸಾಲಿಯಿಂದ ನಿನ್ನ ಮಗಳು ಬರುವ ಹೊತ್ತಾಯಿತು, ಅವಳ ಎದುರಿಗೆ ರಸ್ತೆಯವರೆಗೆ ಹೋಗಿ ನಿಲ್ಲು ಅಂದೆ. "ದಿನಾ ಆಕಿನs ಬರ್ತಾಳಲ್ರಿ" ಅಂದಳು ಅವಳು. ಬಂದರೂ ಹೋಗು ಅಂತ ಗದರಿದೆ.