ಚೀಲದ ಮೇಲಿನ ಕಣ್ಣು

ಸುರಪುರದ ಬಸ್ಸಿನಲ್ಲಿ ಪಕ್ಕದ ಹೆಂಗಸು ಥಟ್ಟನೆ ನನ್ನ ಕೈ ಹಿಡಿದಳು. ಅವಳ ನೋಟವೆಲ್ಲ ನನ್ನ ಚೀಲದ ಮೇಲಿತ್ತು. ಅದರ ಮೇಲೆ ತ್ರಿಕೋನದೊಳಗೊಂದು ಕಣ್ಣಿನ ಚಿತ್ರ.

“ನೀವೂ ಆ ಗುಪ್ತ ಸಂಘದವರೇನ್ರಿ? ನನ್ನ ಮಗಳನ್ನ ಎಲ್ಲಿ ಇಟ್ಟೀರಿ?”

ಶಹಾಪುರದ ಬಜಾರಿನಲ್ಲಿ ಕೊಂಡ ಚೀಲವೆಂದರೂ ಬಿಡಲಿಲ್ಲ. ಮುಂದಿನ ಸೀಟಿನಲ್ಲಿದ್ದ ಗಂಡ ಎದ್ದು ಬಂದು ಅವಳ ಬೆರಳು ಬಿಡಿಸಿದ. ನನ್ನತ್ತ ಬಾಗಿ ಮೆಲ್ಲಗೆ ಹೇಳಿದ:

“ಮಗಳು ಕಾಲುವ್ಯಾಗ ಹರಕೊಂಡು ಹೋದ್ಳ್ರಿ ಅಕ್ಕಾರ. ಹೆಣಾನೂ ಸಿಗ್ಲಿಲ್ಲ. ಈ ಕಣ್ಣಿನ ಗುರ್ತಿನ ಮಂದಿ ಹುಡುಗ್ಯಾರನ್ನ ಒಯ್ದು ಬಚ್ಚಿಡ್ತಾರಂತ ಫೋನಿನ್ಯಾಗ ಒಂದು ವಿಡಿಯೋ ನೋಡ್ಯಾಳ. ಆವಾಗಿಂದ ಹುಡುಕಾಕತ್ತಾಳ.”

ಅಂಥ ವಿಡಿಯೋ ನಂಬಬೇಡಿ ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳುವವಳು ನಾನು. ಆ ತಾಯಿಗೆ ಮಾತ್ರ ಅದನ್ನು ಹೇಳದೆ, ಚೀಲದ ಚಿತ್ರ ಕಾಣದಂತೆ ತಿರುಗಿಸಿ ಮಡಿಲಲ್ಲಿಟ್ಟುಕೊಂಡೆ. ಅದು ಸುಳ್ಳೆಂದರೆ, ನಿನ್ನ ಮಗಳು ಸತ್ತಿದ್ದಾಳೆಂದು ನಾನೇ ಹೇಳಿದಂತಾಗುತ್ತಿತ್ತು.